ಬೆಂಗಳೂರು–ಮಂಗಳೂರು ಹೆದ್ದಾರಿ: ಶಿರಾಡಿ ಮಾರ್ಗದ ಮೇಲ್ದರ್ಜೆ

ಕರ್ನಾಟಕದ ರಾಜಧಾನಿಯನ್ನು ರಾಜ್ಯದ ಏಕೈಕ ಮಹಾಬಂದರಿಗೆ ಜೋಡಿಸುವ ಮುಖ್ಯ ರಸ್ತೆ. ಬೆಂಗಳೂರಿನ ಹೊರವಲಯದ ನೆಲಮಂಗಲದಲ್ಲಿ ಪುಣೆ ಹೆದ್ದಾರಿಯಿಂದ ಕವಲೊಡೆದು ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಹಾಸನ, ಆಲೂರು, ಸಕಲೇಶಪುರಗಳನ್ನು ಹಾದು ಶಿರಾಡಿ ಘಾಟಿಯಲ್ಲಿ ಪಶ್ಚಿಮಘಟ್ಟ ಇಳಿಯುತ್ತದೆ. ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ, ಮಾಣಿ, ಕಲ್ಲಡ್ಕಗಳ ಮೂಲಕ ಬಂಟ್ವಾಳದ ಬಿ.ಸಿ. ರೋಡ್ ಸೇರಿ ಅಲ್ಲಿಂದ ಮಂಗಳೂರು ತಲುಪುತ್ತದೆ. ಒಟ್ಟು ದೂರ ಸುಮಾರು 350 ಕಿ.ಮೀ. ದಶಕಗಳ ಕಾಲ ಇದರ ಸಂಖ್ಯೆ 48 ಆಗಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಇದು 75 ಆಯಿತು. ಹಳೆಯ 48 ಈಗ ಪುಣೆ ಹೆದ್ದಾರಿಗೆ ಹೋಗಿರುವುದರಿಂದ ಹಳೆಯ ಕಡತಗಳನ್ನೂ ಹೊಸ ಫಲಕಗಳನ್ನೂ ಒಟ್ಟಿಗೆ ನೋಡುವವರು ಗೊಂದಲಕ್ಕೆ ಬೀಳುವುದು ಸಾಮಾನ್ಯ. ಹೊಸ ಎಣಿಕೆಯಲ್ಲಿ 75ನೇ ಹೆದ್ದಾರಿ ಬೆಂಗಳೂರಿನಲ್ಲಿ ನಿಲ್ಲದೆ ಹೊಸಕೋಟೆ, ಕೋಲಾರಗಳನ್ನು ದಾಟಿ ತಮಿಳುನಾಡಿನ ವೆಲ್ಲೂರಿನವರೆಗೂ ಹೋಗುತ್ತದೆ. ಈ ಲೇಖನ ಅದರ ಪಶ್ಚಿಮ ಭಾಗಕ್ಕೆ ಸೀಮಿತ.

ಭೂಗೋಳದ ದೃಷ್ಟಿಯಿಂದ ಈ ದಾರಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ತುಂಡುಗಳಿವೆ. ನೆಲಮಂಗಲದಿಂದ ಹಾಸನದವರೆಗೆ ಬಯಲುಸೀಮೆ: ರಾಗಿ ಹೊಲ, ತೆಂಗಿನ ತೋಟ, ಕೆರೆ ಏರಿ, ದೊಡ್ಡ ತಿರುವುಗಳಿಲ್ಲದ ನೆಲ. ಹಾಸನದಿಂದ ಸಕಲೇಶಪುರದ ಆಚೆಯವರೆಗೆ ಮಲೆನಾಡಿನ ಅಂಚು, ಕಾಫಿ ತೋಟಗಳು. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀ. ಎತ್ತರದಲ್ಲಿದೆ. ಅಲ್ಲಿಂದ ದೋಣಿಗಲ್, ಹೆಗ್ಗದ್ದೆ, ಮಾರನಹಳ್ಳಿ, ಕೆಂಪುಹೊಳೆ, ಅಡ್ಡಹೊಳೆ ಎಂದು ಇಳಿಯುತ್ತ ಗುಂಡ್ಯ ಮುಟ್ಟುವಷ್ಟರಲ್ಲಿ ರಸ್ತೆ 800 ಮೀಟರಿನಷ್ಟು ಕೆಳಗೆ ಬಂದಿರುತ್ತದೆ. ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಹೊಳೆಯ ಕಮರಿ, ಮೇಲೆ ದಟ್ಟ ಕಾಡು, ವರ್ಷಕ್ಕೆ 4,000 ಮಿ.ಮೀ. ಮೀರುವ ಮಳೆ. ಹೆದ್ದಾರಿಯ ಹತ್ತನೆಯ ಒಂದು ಪಾಲೂ ಇಲ್ಲದ ಈ ಇಳಿಜಾರು ಇಡೀ ಮಾರ್ಗದ ಯೋಗ್ಯತೆಯನ್ನು ನಿರ್ಧರಿಸುತ್ತದೆ. ಮೇಲ್ದರ್ಜೆಯ ಯೋಜನೆಗಳೆಲ್ಲ ಇದನ್ನು ಒಪ್ಪಿಕೊಂಡಿವೆ. ಆದರೂ ಹಣ, ಯಂತ್ರ, ಗಮನ ಮೂರೂ ಮೊದಲು ಹೋದದ್ದು ಬಯಲಿನ ಕಡೆಗೆ.

ಹಿನ್ನೆಲೆ

ಘಟ್ಟದ ಈ ಕಣಿವೆಯಲ್ಲಿ ಕಾಲುದಾರಿ, ಎತ್ತಿನ ದಾರಿಗಳು ಬಹಳ ಹಿಂದಿನಿಂದಲೂ ಇದ್ದವು. ಅದನ್ನು ಕಾಯಲೆಂದೇ ಟಿಪ್ಪು ಸುಲ್ತಾನ ಸಕಲೇಶಪುರದ ಬಳಿಯ ಗುಡ್ಡದ ಮೇಲೆ ಎಂಟು ಮೂಲೆಯ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ. ಹೆದ್ದಾರಿಯಲ್ಲಿ ಹೋಗುವವರಿಗೆ ಕೋಟೆಯ ಗುಡ್ಡ ಇಂದಿಗೂ ಕಾಣುತ್ತದೆ. ಗಾಡಿ ಹೋಗಬಲ್ಲ ಮಂಜರಾಬಾದ್ ಘಾಟಿ ರಸ್ತೆ ಹತ್ತೊಂಬತ್ತನೆಯ ಶತಮಾನದಲ್ಲಿ, ಮೈಸೂರು ಕಮಿಷನರುಗಳ ಆಳ್ವಿಕೆಯಲ್ಲಿ ರೂಪುಗೊಂಡಿತು. ಮಂಜರಾಬಾದಿನ ಕಾಫಿ ತೋಟಗಳು ಬೆಳೆದದ್ದಕ್ಕೂ ಈ ರಸ್ತೆಗೂ ನೇರ ನಂಟಿದೆ. ತೋಟದ ಬೀಜ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆ ಸೇರಿ ಅಲ್ಲಿಂದ ಹಡಗು ಹತ್ತುತ್ತಿತ್ತು. ಮಂಗಳೂರಿನ ಹೆಂಚು, ಉಪ್ಪು, ಒಣಮೀನು ಅದೇ ದಾರಿಯಲ್ಲಿ ಮೇಲೆ ಬರುತ್ತಿದ್ದವು.

1956ರವರೆಗೆ ಈ ರಸ್ತೆಯ ಎರಡು ತುದಿಗಳು ಎರಡು ಆಡಳಿತಗಳ ಕೈಯಲ್ಲಿದ್ದವು. ಮೇಲೆ ಮೈಸೂರು, ಕೆಳಗೆ ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ. ಮೈಸೂರು ಸಂಸ್ಥಾನಕ್ಕೆ ಸ್ವಂತ ಕಡಲಿರಲಿಲ್ಲ. ಭಟ್ಕಳದಲ್ಲಿ ಬಂದರು ಬೇಕೆಂದು ವಿಶ್ವೇಶ್ವರಯ್ಯನವರು ಯೋಚಿಸಿದ್ದಕ್ಕೆ ಇದೇ ಕಾರಣ. ಏಕೀಕರಣದ ನಂತರ ರಾಜಧಾನಿ ಮತ್ತು ಕರಾವಳಿ ಒಂದೇ ರಾಜ್ಯಕ್ಕೆ ಬಂದವು, ದಾರಿ ಮಾತ್ರ ಹಳೆಯದೇ ಉಳಿಯಿತು. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ಮಹಾಬಂದರಾಗಿ ಘೋಷಣೆಗೊಂಡು, 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಯಾಯಿತು. ಅದರ ಹಿಂದೆ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರ ವರ್ಷಗಳ ಒತ್ತಾಯವಿತ್ತು. ಬಂದರಿನ ಬೆನ್ನಿಗೆ 1979ರಲ್ಲಿ ಹಾಸನ–ಮಂಗಳೂರು ಮೀಟರ್‌ಗೇಜ್ ರೈಲುಮಾರ್ಗವೂ ಬಂತು.

ಆ ರೈಲಿನ ಕತೆ ರಸ್ತೆಯ ಕತೆಯಿಂದ ಬೇರೆಯಲ್ಲ. ಗೇಜ್ ಪರಿವರ್ತನೆಗೆಂದು 1990ರ ದಶಕದಲ್ಲಿ ಘಟ್ಟದ ರೈಲು ನಿಂತಿತು. ಬ್ರಾಡ್‌ಗೇಜಿನಲ್ಲಿ ಸರಕು ಸಾಗಣೆ ಮತ್ತೆ ಶುರುವಾದದ್ದು 2006ರಲ್ಲಿ, ಪ್ರಯಾಣಿಕರ ರೈಲು ಓಡಿದ್ದು 2007ರ ಕೊನೆಗೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ. ಏರು 50 ಮೀಟರಿಗೆ ಒಂದು ಮೀಟರು. ಆ ನಡುವಿನ ಸುಮಾರು ಹತ್ತು ವರ್ಷ ರೈಲಿನಲ್ಲಿ ಹೋಗಬೇಕಿದ್ದ ಬಂದರಿನ ಸರಕಿನ ಭಾರವೂ ಶಿರಾಡಿಯ ಡಾಂಬರಿನ ಮೇಲೆ ಬಿತ್ತು.

ಅದಿರು ಲಾರಿಗಳ ವರ್ಷಗಳು

2000ದ ನಂತರ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಬಳ್ಳಾರಿ, ಹೊಸಪೇಟೆ ಕಡೆಯ ಲಾರಿಗಳು ಮಂಗಳೂರು ಬಂದರಿಗೆ ಸಾಲುಗಟ್ಟಿದವು. ಮಿತಿಗಿಂತ ಹೆಚ್ಚು ಹೇರಿಕೊಂಡು ಬಂದ ಆ ಲಾರಿಗಳು ಈ ಹೆದ್ದಾರಿಗೆ ಮಾಡಿದ ಹಾನಿ ಲೆಕ್ಕಕ್ಕೆ ಸಿಕ್ಕದ್ದು. ರಸ್ತೆ ಎಂಜಿನಿಯರುಗಳು ಬಳಸುವ ಒಂದು ಸ್ಥೂಲ ಸೂತ್ರದ ಪ್ರಕಾರ ರಸ್ತೆಗಾಗುವ ಸವೆತ ಅಚ್ಚಿನ ಭಾರದ ನಾಲ್ಕನೆಯ ಘಾತಕ್ಕೆ ಸಮನಾಗಿ ಏರುತ್ತದೆ. ಎಂದರೆ ಅಚ್ಚಿನ ಮೇಲೆ ಒಂದೂವರೆಪಟ್ಟು ಭಾರ ಬಿದ್ದರೆ ಸವೆತ ಐದು ಪಟ್ಟು. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ರಸ್ತೆ ಪ್ರಯೋಗವೊಂದರಿಂದ ಬಂದ ಸೂತ್ರವಿದು. ಶಿರಾಡಿ ಇದಕ್ಕೆ ಬೇರೆಯೇ ರುಜುವಾತು ಕೊಟ್ಟಿತು. ಡಾಂಬರಿನ ಬಿರುಕಿಗೆ ಮಳೆನೀರು ಇಳಿದು, ಅದರ ಮೇಲೆ ಅದಿರಿನ ಚಕ್ರ ಉರುಳಿ, ಗುಂಡಿಗಳು ಹೊಂಡಗಳಾದವು. ಮಳೆಗಾಲದಲ್ಲಿ ಘಾಟಿ ಮುಚ್ಚುವುದು, ನಂತರ ತೇಪೆ ಹಾಕುವುದು ವಾರ್ಷಿಕ ವ್ರತವಾಯಿತು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. ಮರುವರ್ಷ ಬಳ್ಳಾರಿಯ ಗಣಿಗಾರಿಕೆಯನ್ನೇ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಲಾರಿಗಳು ಕಡಿಮೆಯಾದವು, ರಸ್ತೆ ಮಾತ್ರ ತಾನಾಗಿ ಸರಿಹೋಗಲಿಲ್ಲ.

ಬಯಲಿನ ಚತುಷ್ಪಥ

ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಕೈಗೆತ್ತಿಕೊಂಡ ರಾಷ್ಟ್ರೀಯ ಹೆದ್ದಾರಿ ಅಭಿವೃದ್ಧಿ ಯೋಜನೆಯ ಮೊದಲ ಹಂತ ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು ಜೋಡಿಸುವ 5,846 ಕಿ.ಮೀ.ಯ ಸುವರ್ಣ ಚತುರ್ಭುಜ. ಕರ್ನಾಟಕದಲ್ಲಿ ಅದು ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು, ಬೆಂಗಳೂರುಗಳ ಮೂಲಕ ಹೋಯಿತು, ಕರಾವಳಿಗೆ ಇಳಿಯಲಿಲ್ಲ. ಮಂಗಳೂರಿನ ಪಾಲಿಗೆ ಬಂದದ್ದು ಬಂದರು ಸಂಪರ್ಕದ ಸುಮಾರು 37 ಕಿ.ಮೀ.: ಸುರತ್ಕಲ್‌ನಿಂದ ನಂತೂರು, ಪಡೀಲ್ ಮೂಲಕ ಬಿ.ಸಿ. ರೋಡ್‌ವರೆಗಿನ ಚತುಷ್ಪಥ. ಇದಕ್ಕೆ ಸೇರಿದ ಸುರತ್ಕಲ್ ಟೋಲ್‌ಗೇಟ್ ವರ್ಷಗಟ್ಟಲೆ ಹೋರಾಟಕ್ಕೆ ಕಾರಣವಾಗಿ 2022ರ ಡಿಸೆಂಬರಿನಲ್ಲಿ ಎತ್ತಂಗಡಿಯಾಯಿತು. ಅಲ್ಲಿನ ಶುಲ್ಕ ಹೆಜಮಾಡಿ ಟೋಲ್‌ನೊಂದಿಗೆ ವಿಲೀನವಾಯಿತು.

ಬೆಂಗಳೂರಿನ ಕಡೆಯಿಂದ ಯೋಜನೆಯ ಮೂರನೆಯ ಹಂತದಲ್ಲಿ ನೆಲಮಂಗಲ–ದೇವಿಹಳ್ಳಿ (81 ಕಿ.ಮೀ.) ಮತ್ತು ದೇವಿಹಳ್ಳಿ–ಹಾಸನ (77 ಕಿ.ಮೀ.) ಎಂಬ ಎರಡು ಗುತ್ತಿಗೆಗಳು ನಡೆದವು. ಎರಡೂ ಕಟ್ಟು–ನಿರ್ವಹಿಸು–ಹಸ್ತಾಂತರಿಸು ಪದ್ಧತಿಯವು: ಕಂಪನಿ ಹಣ ಹಾಕಿ ರಸ್ತೆ ಕಟ್ಟುತ್ತದೆ, ಒಪ್ಪಂದದ ಅವಧಿಯವರೆಗೆ ಟೋಲ್ ವಸೂಲಿ ಮಾಡುತ್ತದೆ, ಕೊನೆಗೆ ರಸ್ತೆಯನ್ನು ಸರ್ಕಾರಕ್ಕೆ ಬಿಟ್ಟುಕೊಡುತ್ತದೆ. ಸಮತಟ್ಟು ನೆಲ, ಖಚಿತ ವಾಹನ ಸಂಖ್ಯೆ, ಕಡಿಮೆ ಅಪಾಯ. ಖಾಸಗಿ ಬಂಡವಾಳಕ್ಕೆ ಹೇಳಿ ಮಾಡಿಸಿದ ಜಾಗ. 2010ರ ದಶಕದ ಮೊದಲರ್ಧದಲ್ಲಿ ಈ ಕೆಲಸ ಮುಗಿದಾಗ ಬೆಂಗಳೂರು–ಹಾಸನ ಪ್ರಯಾಣ ಮೂರು ಗಂಟೆಯ ಆಸುಪಾಸಿಗೆ ಇಳಿಯಿತು. ಊರೊಳಗೆ ನುಗ್ಗುತ್ತಿದ್ದ ವಾಹನಗಳು ಕುಣಿಗಲ್, ಚನ್ನರಾಯಪಟ್ಟಣಗಳ ಬೈಪಾಸ್ ಹಿಡಿದವು. ಶ್ರವಣಬೆಳಗೊಳ, ಯಡಿಯೂರು, ಧರ್ಮಸ್ಥಳ, ಕುಕ್ಕೆಗಳ ಯಾತ್ರಿಕರಿಗೂ ತೆಂಗು, ಆಲೂಗಡ್ಡೆ ಸಾಗಿಸುವ ಹಾಸನದ ರೈತರಿಗೂ ಇದು ನಿಜವಾದ ಅನುಕೂಲ. ಹಳೆಯ ಊರುಗಳ ಹೋಟೆಲು, ಗ್ಯಾರೇಜುಗಳು ವ್ಯಾಪಾರ ಕಳೆದುಕೊಂಡು ಬೈಪಾಸ್ ಬದಿಗೆ ಜರುಗಿದವು; ಜರುಗಲಾಗದವು ಮುಚ್ಚಿದವು.

ಘಾಟಿಯ ಕಾಂಕ್ರೀಟ್

ಘಟ್ಟದಲ್ಲಿ ಡಾಂಬರು ನಿಲ್ಲದು ಎಂಬುದು ಖಚಿತವಾದ ಮೇಲೆ ಹೆದ್ದಾರಿ ಇಲಾಖೆ ಕಾಂಕ್ರೀಟಿನ ಮೊರೆ ಹೋಯಿತು. ಡಾಂಬರಿನ ಪದರ ನೀರು ನಿಂತರೆ ಬಿಟ್ಟುಕೊಳ್ಳುತ್ತದೆ, ಭಾರದ ಲಾರಿ ನಿಧಾನವಾಗಿ ಏರುವಲ್ಲಿ ಗಾಲಿಯ ಜಾಡಿನಲ್ಲಿ ಕುಸಿಯುತ್ತದೆ. ಕಾಂಕ್ರೀಟ್ ಹಲಗೆ ಭಾರವನ್ನು ಅಗಲಕ್ಕೆ ಹಂಚುತ್ತದೆ, ನೀರಿಗೆ ಅಷ್ಟು ಬೇಗ ಸೋಲುವುದಿಲ್ಲ. ಅದರ ತೊಂದರೆ ಬೇರೆ: ಹಾಕಿದ ಮೇಲೆ ವಾರಗಟ್ಟಲೆ ನೀರುಣಿಸಿ ಗಟ್ಟಿಯಾಗಲು ಬಿಡಬೇಕು. ಇಕ್ಕಟ್ಟಾದ ಘಾಟಿಯಲ್ಲಿ ಹಾಗೆ ಬಿಡಬೇಕೆಂದರೆ ರಸ್ತೆಯನ್ನೇ ಮುಚ್ಚಬೇಕು.

ಹಾಗೆಯೇ ಆಯಿತು. 2015ರಲ್ಲಿ ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿ ಹೆಗ್ಗದ್ದೆಯಿಂದ ಕೆಂಪುಹೊಳೆವರೆಗೆ 13 ಕಿ.ಮೀ.ಗೆ ಮಿಕ್ಕಿ ಕಾಂಕ್ರೀಟ್ ಹಾಕಲಾಯಿತು. ಎರಡನೆಯ ಹಂತಕ್ಕೆ 2018ರ ಜನವರಿಯಲ್ಲಿ ಮತ್ತೆ ಮುಚ್ಚಿ, ಕೆಂಪುಹೊಳೆಯಿಂದ ಅಡ್ಡಹೊಳೆವರೆಗಿನ ಸುಮಾರು 12 ಕಿ.ಮೀ. ಮುಗಿಸಿ ಜುಲೈ ನಡುವಿನಲ್ಲಿ ತೆರೆಯಲಾಯಿತು. ಅಲ್ಲಿಗೆ 26 ಕಿ.ಮೀ. ಘಾಟಿ ಗುಂಡಿಮುಕ್ತ. ಆದರೆ ಒಂದು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟಿನ ಮಹಾಮಳೆಗೆ ಗುಡ್ಡಗಳೇ ಜರಿದವು. ಕಾಂಕ್ರೀಟ್ ಹಲಗೆ ಗಟ್ಟಿಯಾಗಿಯೇ ಇತ್ತು. ಅದರ ಮೇಲಕ್ಕೆ ಮಣ್ಣು ಬಂತು, ಕೆಲವೆಡೆ ಅದರ ಅಡಿಯ ಮಣ್ಣು ಹೊಳೆಗೆ ಹೋಯಿತು. ಅದೇ ದಿನಗಳಲ್ಲಿ ಸಂಪಾಜೆ ಘಾಟಿ ಕೊಚ್ಚಿಹೋಗಿತ್ತು, ಚಾರ್ಮಾಡಿಯಲ್ಲಿ ಭೂಕುಸಿತವಾಗಿತ್ತು, ಸುಬ್ರಹ್ಮಣ್ಯ–ಸಕಲೇಶಪುರ ಹಳಿಯ ಮೇಲೂ ಗುಡ್ಡ ಬಿದ್ದಿತ್ತು. ಕರಾವಳಿಗೂ ರಾಜಧಾನಿಗೂ ನಡುವಿನ ನೇರ ದಾರಿಗಳು ಒಮ್ಮೆಲೇ ಕಡಿದುಹೋದವು. ಪರ್ಯಾಯ ರಸ್ತೆಗಳೆಂದು ಕಾಗದದಲ್ಲಿ ಬರೆದುಕೊಂಡವೆಲ್ಲ ಒಂದೇ ಪರ್ವತಸಾಲಿನಲ್ಲಿ, ಒಂದೇ ಮಳೆಗೆ ಸಿಕ್ಕುವಂಥವು ಎಂಬುದು ಆಗ ಬಯಲಾಯಿತು.

ಅರ್ಧಕ್ಕೆ ನಿಂತ ಗುತ್ತಿಗೆಗಳು

ಘಾಟಿಯ ಎರಡೂ ತುದಿಗಳ ಚತುಷ್ಪಥ ಕಾಮಗಾರಿಯಷ್ಟು ತಡವಾದ ಹೆದ್ದಾರಿ ಕೆಲಸ ಕರ್ನಾಟಕದಲ್ಲಿ ಕಡಿಮೆ. ಮೇಲ್ತುದಿಯಲ್ಲಿ ಹಾಸನ–ಮಾರನಹಳ್ಳಿ ನಡುವಿನ ಸುಮಾರು 45 ಕಿ.ಮೀ. ಗುತ್ತಿಗೆ ಪಡೆದ ವಿದೇಶಿ ಕಂಪನಿ ತನ್ನ ದೇಶದಲ್ಲೇ ದಿವಾಳಿಯ ಅಂಚಿಗೆ ಬಂತು. ಕೆಲಸ ಉಪಗುತ್ತಿಗೆಯ ಕೈಗೆ ಹೋಗಿ ವರ್ಷಗಟ್ಟಲೆ ತೆವಳಿತು. ಕೆಳತುದಿಯಲ್ಲಿ ಅಡ್ಡಹೊಳೆ–ಬಿ.ಸಿ. ರೋಡ್ ನಡುವಿನ 63 ಕಿ.ಮೀ.ಯನ್ನು ವಹಿಸಿಕೊಂಡ ಕಂಪನಿ ಸ್ವಲ್ಪ ಕೆಲಸ ಮಾಡಿ ಹಿಂದೆ ಸರಿಯಿತು. ಅದನ್ನು ಅಡ್ಡಹೊಳೆ–ಪೆರಿಯಶಾಂತಿ ಮತ್ತು ಪೆರಿಯಶಾಂತಿ–ಬಿ.ಸಿ. ರೋಡ್ ಎಂದು ಎರಡು ಮಾಡಿ ಹೊಸದಾಗಿ ಗುತ್ತಿಗೆ ಕೊಡಬೇಕಾಯಿತು. ಭೂಸ್ವಾಧೀನ, ಮರ ಕಡಿಯುವ ಅನುಮತಿ, ವಿದ್ಯುತ್ ಕಂಬ ಮತ್ತು ನೀರಿನ ಪೈಪುಗಳ ಸ್ಥಳಾಂತರ, ವಿನ್ಯಾಸ ಬದಲಾವಣೆ, ವರ್ಷದಲ್ಲಿ ಕೆಲಸಕ್ಕೆ ಸಿಗುವ ಏಳೆಂಟೇ ತಿಂಗಳು ಎಂಬ ಕಾರಣಗಳು ಕಡತದಲ್ಲಿ ಸಿಗುತ್ತವೆ. ಇವೆಲ್ಲ ನಿಜ. ಆದರೆ ದಕ್ಷಿಣ ಕನ್ನಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬರುತ್ತದೆ ಎಂಬುದು ಟೆಂಡರ್ ಕರೆದ ಮೇಲೆ ಗೊತ್ತಾದ ಸಂಗತಿಯೇನಲ್ಲ.

ಇದರ ಬೆಲೆ ತೆತ್ತವರು ಕಲ್ಲಡ್ಕ, ಮಾಣಿ, ಉಪ್ಪಿನಂಗಡಿ, ನೆಲ್ಯಾಡಿಗಳ ಜನ. ಕಲ್ಲಡ್ಕ ಪೇಟೆಯ ಮೇಲೆ ಸುಮಾರು ಎರಡು ಕಿ.ಮೀ. ಉದ್ದದ ಮೇಲ್ಸೇತುವೆ ಏಳುವಷ್ಟು ಕಾಲವೂ ಅಂಗಡಿಗಳು ಬೇಸಿಗೆಯಲ್ಲಿ ದೂಳು, ಮಳೆಯಲ್ಲಿ ಕೆಸರು ಉಂಡವು. ಅದು ಸಂಚಾರಕ್ಕೆ ತೆರೆದದ್ದು 2025ರಲ್ಲಿ. ಅಡುಗೆ ಅನಿಲದ ಬುಲೆಟ್ ಟ್ಯಾಂಕರುಗಳಿಗೂ ಬೈಕು, ಆಟೋ, ಶಾಲಾಮಕ್ಕಳಿಗೂ ಇದೊಂದೇ ದಾರಿ ಎಂಬುದರ ಅಪಾಯ 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಕಂಡಿತ್ತು. ಅನಿಲ ಟ್ಯಾಂಕರೊಂದು ಉರುಳಿ ಹೊತ್ತಿಕೊಂಡಾಗ ರಸ್ತೆ ಬದಿಯ ಮನೆಗಳು ಸುಟ್ಟು ಹಲವರು ಪ್ರಾಣ ಕಳೆದುಕೊಂಡರು.

ಗುಡ್ಡ ಕಡಿಯುವ ರೀತಿ

ದ್ವಿಪಥವನ್ನು ಚತುಷ್ಪಥ ಮಾಡಲು ಗುಡ್ಡದ ಮೈ ಕೊರೆಯಬೇಕು. ಅದನ್ನು ಎಷ್ಟು ಓರೆಯಾಗಿ ಕೊರೆಯುತ್ತೇವೆ ಎಂಬುದರ ಮೇಲೆ ರಸ್ತೆಯ ಆಯುಷ್ಯ ನಿಂತಿದೆ. ಪಶ್ಚಿಮಘಟ್ಟದ ಗಟ್ಟಿ ಶಿಲೆಯ ಮೇಲೆ ಹಲವು ಮೀಟರು ದಪ್ಪದ ಸವೆದ ಕೆಂಪು ಮಣ್ಣಿದೆ. ನೀರು ಇಂಗಿ ಮಣ್ಣು ಭಾರವಾದಾಗ ಶಿಲೆಯ ಮೇಲ್ಮೈಯಲ್ಲಿ ಅದು ಜಾರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪ್ರತಿ ಮೆಟ್ಟಿಲಿಗೂ ಚರಂಡಿ ಕೊಟ್ಟು, ಮೇಲಿನ ನೀರನ್ನು ಬೇರೆಡೆಗೆ ತಿರುಗಿಸಿದರೆ ಗುಡ್ಡ ನಿಲ್ಲುತ್ತದೆ. ಹಾಗೆ ಮಾಡಲು ಹೆಚ್ಚು ಜಾಗ ಬೇಕು, ಹೆಚ್ಚು ಜಾಗವೆಂದರೆ ಹೆಚ್ಚು ಭೂಸ್ವಾಧೀನ, ಹೆಚ್ಚು ಕಾಡು. ಈ ಲೆಕ್ಕಾಚಾರದಲ್ಲಿ ಸಕಲೇಶಪುರದ ಆಚೆ ಅನೇಕ ಕಡೆ ಗುಡ್ಡವನ್ನು ನೆಟ್ಟಗೆ, ಬಹುತೇಕ ಲಂಬವಾಗಿ ಕಡಿಯಲಾಯಿತು. 2022ರ ಜುಲೈಯಲ್ಲಿ ದೋಣಿಗಲ್ ಬಳಿ ರಸ್ತೆಯ ಅಂಚು ಕುಸಿಯಿತು. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಮತ್ತೆ ಮತ್ತೆ ಜರಿದು ವಾಹನಗಳು ಮಣ್ಣಿನಲ್ಲಿ ಸಿಕ್ಕಿಕೊಂಡವು. ಅದೇ ತಿಂಗಳು ಎಡಕುಮೇರಿ ಬಳಿ ರೈಲುಹಳಿಯೂ ಕುಸಿಯಿತು. ಸ್ಥಳಕ್ಕೆ ಬಂದ ಮುಖ್ಯಮಂತ್ರಿ ಸಿದ್ದರಾಮಯ್ಯ ತೊಂಬತ್ತು ಡಿಗ್ರಿಯಲ್ಲಿ ಗುಡ್ಡ ಕಡಿದದ್ದು ಅವೈಜ್ಞಾನಿಕ ಎಂದರು. ಆ ಮಾತು ಸರಿ. ಅದು ವಿನ್ಯಾಸ ನಕ್ಷೆ ಮಂಜೂರಾಗುವಾಗ ಬರಬೇಕಾಗಿದ್ದ ಮಾತು.

ಕಾಡಿನ ಪ್ರಶ್ನೆಯೂ ಇಲ್ಲಿ ಸಣ್ಣದಲ್ಲ. ಘಾಟಿಯ ಎರಡೂ ಬದಿಯ ಮೀಸಲು ಅರಣ್ಯ ಸಿಂಗಳೀಕಗಳ ನೆಲೆ. ತೀವ್ರ ಅಳಿವಿನಂಚಿನಲ್ಲಿರುವ ಒಂದು ಕಪ್ಪೆಗೆ ಗುಂಡ್ಯದ ಹೆಸರನ್ನೇ ಇಡಲಾಗಿದೆ. ಹತ್ತಿರದ ಪುಷ್ಪಗಿರಿ 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದ ಪಶ್ಚಿಮಘಟ್ಟ ತಾಣಗಳಲ್ಲೊಂದು. ಆಲೂರು–ಸಕಲೇಶಪುರ ಭಾಗದಲ್ಲಿ ಆನೆ–ಮಾನವ ಸಂಘರ್ಷ ಎಷ್ಟು ಕಠಿಣವೆಂದರೆ, ಉಚ್ಚ ನ್ಯಾಯಾಲಯದ ಸೂಚನೆಯಂತೆ ರಚನೆಯಾದ ಆನೆ ಕಾರ್ಯಪಡೆ 2012ರ ತನ್ನ ವರದಿಯಲ್ಲಿ ಈ ಪ್ರದೇಶಕ್ಕೆ ವಿಶೇಷ ಗಮನ ಕೊಟ್ಟಿತು.

ಸುರಂಗದ ಪ್ರಸ್ತಾವ

ಮಾರನಹಳ್ಳಿಗೂ ಅಡ್ಡಹೊಳೆಗೂ ನಡುವೆ ಚತುಷ್ಪಥವಿಲ್ಲ. ಅಲ್ಲಿ ಈಗಿನ ರಸ್ತೆಯನ್ನು ಅಗಲಿಸುವ ಬದಲು ಸುರಂಗಗಳನ್ನೂ ಸೇತುವೆಗಳನ್ನೂ ಸರಣಿಯಾಗಿ ಜೋಡಿಸಿ 23 ಕಿ.ಮೀ.ಗೂ ಹೆಚ್ಚು ಉದ್ದದ ಹೊಸ ಮಾರ್ಗ ಮಾಡುವ ಯೋಚನೆ ಹತ್ತು ವರ್ಷಕ್ಕೂ ಹಳೆಯದು. ಜಪಾನಿನ ನೆರವು ಸಂಸ್ಥೆ ಜೈಕಾದ ಹೆಸರೂ ಒಂದು ಕಾಲಕ್ಕೆ ಇದರೊಂದಿಗೆ ಕೇಳಿಬಂತು, ವಿಸ್ತೃತ ಯೋಜನಾ ವರದಿಯೂ ತಯಾರಾಯಿತು. ವೆಚ್ಚದ ಅಂದಾಜು ಸಾವಿರಾರು ಕೋಟಿಗೆ ಏರಿದಾಗ ಯೋಜನೆ ಹಿಂದಕ್ಕೆ ಸರಿಯಿತು, ಚುನಾವಣೆ ಬಂದಾಗ ಮುಂದಕ್ಕೆ ಬಂತು. ಸುರಂಗದ ಪರವಾಗಿರುವವರು ಮೇಲ್ಮೈ ಕಾಡು ಉಳಿಯುತ್ತದೆ, ಮಳೆಗಾಲದಲ್ಲೂ ದಾರಿ ತೆರೆದಿರುತ್ತದೆ ಎನ್ನುತ್ತಾರೆ. ವಿರೋಧಿಸುವವರು ಅಂತರ್ಜಲ ಬರಿದಾಗುವ, ಕೊರೆದ ಕಲ್ಲುಮಣ್ಣನ್ನು ಸುರಿಯುವ ಜಾಗದ, ಸುರಂಗದೊಳಗೆ ಅನಿಲ ಟ್ಯಾಂಕರಿನ ಅವಘಡದ ಪ್ರಶ್ನೆ ಎತ್ತುತ್ತಾರೆ. ಎರಡೂ ಕಡೆಯ ವಾದದಲ್ಲಿ ಹುರುಳಿದೆ. ಇದರ ಜೊತೆಗೆ ಬೆಂಗಳೂರು–ಮಂಗಳೂರು ನಡುವೆ ಪ್ರತ್ಯೇಕ ಅತಿವೇಗದ ಹೆದ್ದಾರಿಯ ಮಾತೂ ಚಾಲ್ತಿಯಲ್ಲಿದೆ. ಅದೂ ಘಟ್ಟವನ್ನು ಎಲ್ಲೋ ಒಂದು ಕಡೆ ದಾಟಲೇಬೇಕು.

ವ್ಯಾಪಾರದ ಮೇಲೆ ಪರಿಣಾಮ

ಬೆಂಗಳೂರಿನಿಂದ ಮಂಗಳೂರಿಗೂ ಚೆನ್ನೈಗೂ ರಸ್ತೆಯ ದೂರ ಹೆಚ್ಚುಕಡಿಮೆ ಒಂದೇ. ಆದರೂ ಬೆಂಗಳೂರಿನ ಸಿದ್ಧ ಉಡುಪು, ಯಂತ್ರಭಾಗ, ಎಲೆಕ್ಟ್ರಾನಿಕ್ ಸರಕಿನ ಕಂಟೇನರುಗಳು ಬಹುಪಾಲು ಹೋಗುವುದು ಪೂರ್ವಕ್ಕೆ. ಚೆನ್ನೈ ಬಂದರು ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಕಂಟೇನರು ನಿಭಾಯಿಸುವಾಗ ಮಂಗಳೂರಿನ ಪಾಲು ಅದರ ಸಣ್ಣ ಭಾಗ. ಇದಕ್ಕೆ ರಸ್ತೆಯೊಂದನ್ನೇ ದೂರುವುದು ತಪ್ಪು. ಮಂಗಳೂರಿಗೆ ಬರುವ ಕಂಟೇನರು ಹಡಗುಗಳು ಮುಖ್ಯವಾಗಿ ಕೊಲಂಬೊದಂಥ ದೊಡ್ಡ ಬಂದರುಗಳಿಗೆ ಒಯ್ದು ಕೊಡುವ ಫೀಡರ್ ಹಡಗುಗಳು; ಸರಕು ಕಡಿಮೆಯಿದ್ದಲ್ಲಿ ದೊಡ್ಡ ಹಡಗು ಬರುವುದಿಲ್ಲ, ದೊಡ್ಡ ಹಡಗು ಬರದಲ್ಲಿ ಸರಕು ಹೆಚ್ಚುವುದಿಲ್ಲ. ಆದರೆ ರಫ್ತುದಾರ ಹಡಗಿನ ದಿನಾಂಕಕ್ಕೆ ಹೊಂದಿಸಿ ಸರಕು ಕಳಿಸುತ್ತಾನೆ. ಜುಲೈಯಲ್ಲಿ ದಾರಿ ತೆರೆದಿರುತ್ತದೋ ಇಲ್ಲವೋ ಎಂಬ ಅನುಮಾನವಿರುವ ಬಂದರನ್ನು ಅವನು ಆರಿಸುವುದಿಲ್ಲ. ಪೂರ್ವ ದಿಕ್ಕಿನಲ್ಲಾದರೋ ಸುಮಾರು 260 ಕಿ.ಮೀ.ಯ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ನಿರ್ಮಾಣದಲ್ಲಿದ್ದು, ಅದರಲ್ಲಿ ಕರ್ನಾಟಕದ 71 ಕಿ.ಮೀ. ಭಾಗ 2024ರ ಕೊನೆಗೇ ಸಂಚಾರಕ್ಕೆ ಸಿಕ್ಕಿತು.

ಮಂಗಳೂರು ಬಂದರು ಬೆಳೆದದ್ದು ಕಚ್ಚಾತೈಲ, ಅನಿಲ, ಕಲ್ಲಿದ್ದಲು, ಅದಿರಿನ ಉಂಡೆಗಳಂಥ ರಾಶಿ ಸರಕಿನಿಂದ. ಇವುಗಳಲ್ಲಿ ಹಲವು ರಸ್ತೆಯ ಹಂಗು ತೊರೆದಿವೆ. ಕುದುರೆಮುಖದ ಅದಿರು ಗಣಿ ನಡೆಯುತ್ತಿದ್ದಾಗ ಕೆಸರಿನ ರೂಪದಲ್ಲಿ ಕೊಳವೆಯಲ್ಲೇ ಪಣಂಬೂರಿಗೆ ಇಳಿಯುತ್ತಿತ್ತು. 2003ರಿಂದ ಮಂಗಳೂರು–ಹಾಸನ–ಬೆಂಗಳೂರು ಕೊಳವೆಮಾರ್ಗ ಪೆಟ್ರೋಲ್, ಡೀಸೆಲ್ ಒಯ್ಯುತ್ತಿದೆ. ಅಡುಗೆ ಅನಿಲಕ್ಕೂ ಮಂಗಳೂರಿನಿಂದ ಹಾಸನ, ಮೈಸೂರು, ಸೋಲೂರುಗಳಿಗೆ ಕೊಳವೆ ಬಂದಿದೆ. ಘಾಟಿಯ ಭಾರ ಇಳಿಸುವುದರಲ್ಲಿ ಈ ಕೊಳವೆಗಳು ಯಾವ ಕಾಂಕ್ರೀಟಿಗಿಂತಲೂ ಕಡಿಮೆ ಕೆಲಸ ಮಾಡಿಲ್ಲ. ಇನ್ನೊಂದು ಕಡೆ, 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಲಾರಿಗಳ ಅಚ್ಚಿನ ಭಾರಮಿತಿಯನ್ನು ಏರಿಸಿ, ಎರಡು ಅಚ್ಚಿನ ಲಾರಿಗೆ 16.2 ಟನ್ ಇದ್ದದ್ದನ್ನು 18.5 ಟನ್ ಮಾಡಿತು. ಉಳಿಸಿದ ಭಾರದ ಒಂದು ಪಾಲು ಹೀಗೆ ಮರಳಿ ಬಂತು.

ರಸ್ತೆಯನ್ನೇ ನಂಬಿದ ವ್ಯಾಪಾರ ಸಣ್ಣಸಣ್ಣ ಪ್ರಮಾಣದ್ದು, ತಡೆದುಕೊಳ್ಳಲಾಗದ್ದು. ಮಂಗಳೂರು, ಮಲ್ಪೆಗಳ ಮೀನು ಮಂಜುಗಡ್ಡೆಯಲ್ಲಿ ರಾತ್ರಿ ಹೊರಟು ಬೆಳಗ್ಗೆ ಬೆಂಗಳೂರು ಮಾರುಕಟ್ಟೆ ಸೇರಬೇಕು. ಹಾಸನ ಸೀಮೆಯ ತರಕಾರಿ ಕರಾವಳಿಯ ಅಡುಗೆಮನೆಗೆ ಇಳಿಯಬೇಕು. ಸಕಲೇಶಪುರದ ಕಾಫಿ, ಏಲಕ್ಕಿ, ಮೆಣಸು, ಪುತ್ತೂರು–ಸುಳ್ಯದ ಅಡಿಕೆ, ಆಸ್ಪತ್ರೆಗೆ ಹೋಗುವ ರೋಗಿ, ವಾರಾಂತ್ಯಕ್ಕೆ ಊರಿಗೆ ಹೊರಟ ಐಟಿ ಉದ್ಯೋಗಿ ಎಲ್ಲರಿಗೂ ಇದೇ ದಾರಿ. ಘಾಟಿ ಮುಚ್ಚಿದ ದಿನ ಬಸ್ಸು ಚಾರ್ಮಾಡಿ ಹತ್ತುತ್ತದೆ. ಅಲ್ಲಿನ ಹೇರ್‌ಪಿನ್ ತಿರುವುಗಳಲ್ಲಿ ತಿರುಗಲಾರದ ಬಹುಚಕ್ರ ಲಾರಿ ಬಹು ದೂರ ಸುತ್ತಬೇಕು, ಇಲ್ಲವೆ ಸಕಲೇಶಪುರದಲ್ಲೋ ಗುಂಡ್ಯದಲ್ಲೋ ಸಾಲಿನಲ್ಲಿ ನಿಲ್ಲಬೇಕು. ಆ ದಿನಗಳ ಡೀಸೆಲ್, ಬಾಡಿಗೆ, ಕೊಳೆತ ಸರಕಿನ ನಷ್ಟ ಯಾವ ಯೋಜನಾ ವರದಿಯ ಲಾಭ–ವೆಚ್ಚದ ಕೋಷ್ಟಕದಲ್ಲೂ ಸರಿಯಾಗಿ ಕಾಣುವುದಿಲ್ಲ. ಸರಾಸರಿ ವೇಗವನ್ನು ಲೆಕ್ಕಹಾಕುವ ಕೋಷ್ಟಕಕ್ಕೆ ರಸ್ತೆಯೇ ಇಲ್ಲದ ದಿನಗಳನ್ನು ಹಿಡಿಯುವುದು ಕಷ್ಟ.

ಬಯಲಿನಿಂದ ಶುರುಮಾಡಿದ್ದರಿಂದ ಬಯಲಿನ ಊರುಗಳಿಗೆ ಲಾಭವಾಯಿತು. ಹಾಸನ ಬೆಂಗಳೂರಿಗೆ ಹತ್ತಿರವಾದಷ್ಟು ಮಂಗಳೂರು ಆಗಲಿಲ್ಲ. ಬಂದರಿಗೂ ರಾಜಧಾನಿಗೂ ಸಂಪರ್ಕ ಕೊಡುವುದೇ ಯೋಜನೆಯ ಗುರಿಯಾಗಿದ್ದರೆ, ಮೊದಲ ರೂಪಾಯಿ ದೋಣಿಗಲ್ ಮತ್ತು ಗುಂಡ್ಯದ ನಡುವಿನ ಇಳಿಜಾರಿನ ಸ್ಥಿರತೆಗೆ ಹೋಗಬೇಕಿತ್ತು. ನೆಲಮಂಗಲ–ಹಾಸನ ಚತುಷ್ಪಥ ಮುಗಿದು ಹತ್ತು ವರ್ಷ ದಾಟಿದ ಮೇಲೂ ಮಾರನಹಳ್ಳಿ–ಅಡ್ಡಹೊಳೆ ನಡುವೆ ಇರುವುದು ಹಳೆಯ ಜಾಡಿನ ದ್ವಿಪಥ ಕಾಂಕ್ರೀಟ್ ರಸ್ತೆಯೇ.